ಮಾಂಟೆ ಕಾರ್ಲೊ: ಜೂಜಿನ ಹಣದಿಂದ ಬದುಕಿದ ಸಂಸ್ಥಾನ

ಮೆಡಿಟರೇನಿಯನ್ ಕಡಲ ದಂಡೆಯ ಪುಟ್ಟ ಸಂಸ್ಥಾನ ಮೊನಾಕೊ 19ನೇ ಶತಮಾನದ ನಡುವಿನಲ್ಲಿ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಅದರ ನೆಲದ ಬಹುಪಾಲು ಇದ್ದದ್ದು ಮೆಂತೋನ್ ಮತ್ತು ರೋಕ್‌ಬ್ರೂನ್ ಎಂಬ ಎರಡು ಊರುಗಳಲ್ಲಿ. ಖಜಾನೆಗೆ ಹಣ ಬರುತ್ತಿದ್ದದ್ದೂ ಅಲ್ಲಿನ ನಿಂಬೆ ಮತ್ತು ಆಲಿವ್ ತೋಟಗಳ ಮೇಲಿನ ಸುಂಕದಿಂದಲೇ. ಸುಂಕದ ಹೊರೆ ತಾಳಲಾರದೆ 1848ರಲ್ಲಿ ಆ ಊರುಗಳು ದಂಗೆಯೆದ್ದು ಸ್ವತಂತ್ರವೆಂದು ಘೋಷಿಸಿಕೊಂಡವು. 1861ರಲ್ಲಿ ಅರಸ ಮೂರನೆಯ ಚಾರ್ಲ್ಸ್ ಸುಮಾರು 40 ಲಕ್ಷ ಫ್ರಾಂಕ್ ಪಡೆದು ಅವುಗಳ ಮೇಲಿನ ಹಕ್ಕನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ಉಳಿದದ್ದು ಒಂದು ಬಂಡೆ, ಒಂದು ಬಂದರು, ಸುತ್ತ ಒಂದಿಷ್ಟು ಬೋಳು ನೆಲ.

ಜೂಜಿನ ಮನೆ ತೆರೆಯುವ ಆಲೋಚನೆ ಬಂದದ್ದು ಈ ಬಡತನದಿಂದ. ಫ್ರಾನ್ಸ್ 1837ರ ಕೊನೆಗೆ ತನ್ನ ಜೂಜುಕಟ್ಟೆಗಳನ್ನೆಲ್ಲ ಮುಚ್ಚಿಸಿದ್ದರಿಂದ ಅಲ್ಲಿನ ಹಣವಂತರು ಬಾಡೆನ್-ಬಾಡೆನ್, ಹೋಂಬುರ್ಗ್‌ನಂಥ ಜರ್ಮನ್ ಸ್ನಾನಪಟ್ಟಣಗಳ ದಾರಿ ಹಿಡಿದಿದ್ದರು. ಅವರನ್ನು ಮೊನಾಕೊಗೆ ಸೆಳೆಯಬಹುದೆಂದು ಮೊದಲು ಕಂಡುಕೊಂಡವಳು ಅರಸನ ತಾಯಿ ಕ್ಯಾರೊಲಿನ್. 1856ರಲ್ಲಿ ಜೂಜಿಗೆ ಅನುಮತಿ ಸಿಕ್ಕಿತು. ಆದರೆ ನೆಟ್ಟಗಿನ ರಸ್ತೆಯೂ ರೈಲೂ ಇಲ್ಲದ ಊರಿಗೆ ಆಟಗಾರರು ಬರುವುದು ಹೇಗೆ? ಗುತ್ತಿಗೆ ಹಿಡಿದವರು ಒಬ್ಬರ ಹಿಂದೊಬ್ಬರು ಕೈಸುಟ್ಟುಕೊಂಡರು.

1863ರಲ್ಲಿ ಫ್ರಾನ್ಸುವಾ ಬ್ಲಾಂಕ್ 17 ಲಕ್ಷ ಫ್ರಾಂಕ್ ತೆತ್ತು 50 ವರ್ಷಗಳ ಗುತ್ತಿಗೆ ಹಿಡಿದ. ಹೋಂಬುರ್ಗ್‌ನ ಜೂಜುಮನೆಯನ್ನು ಬೆಳೆಸಿದವನು ಅವನೇ. ಈ ವ್ಯಾಪಾರದ ಒಳಗುಟ್ಟು ಅವನಷ್ಟು ಚೆನ್ನಾಗಿ ತಿಳಿದವರು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲ. ಕಡಲ ಸ್ನಾನದ ಹೆಸರು ಹೊತ್ತ ಒಂದು ಕಂಪನಿ ಕಟ್ಟಿದ. ಹೋಟೆಲು, ತೋಟಗಳನ್ನು ಎಬ್ಬಿಸಿದ. ಕ್ಯಾಸಿನೊ ನಿಂತ ಗುಡ್ಡಕ್ಕೆ 1866ರಲ್ಲಿ ಅರಸನ ಹೆಸರಿನಿಂದಲೇ ಮಾಂಟೆ ಕಾರ್ಲೊ ಎಂದು ಹೆಸರಾಯಿತು. 1868ರಲ್ಲಿ ರೈಲು ಬಂದದ್ದೇ ಜನ ಮುಗಿಬಿದ್ದರು. ಮರುವರ್ಷವೇ ಮೊನಾಕೊದ ಪ್ರಜೆಗಳ ಮೇಲಿನ ನೇರ ತೆರಿಗೆ ರದ್ದಾಯಿತು. 1872ರ ಕೊನೆಗೆ ಜರ್ಮನಿಯ ಜೂಜುಮನೆಗಳೂ ಬಾಗಿಲು ಹಾಕಿದ ಮೇಲೆ ಮಾಂಟೆ ಕಾರ್ಲೊಗೆ ಎದುರಾಳಿಯೇ ಇಲ್ಲದಂತಾಯಿತು. ಪ್ಯಾರಿಸ್ಸಿನ ಅಪೆರಾ ಕಟ್ಟಡದ ಶಿಲ್ಪಿ ಶಾರ್ಲ್ ಗಾರ್ನಿಯೆ ವಿನ್ಯಾಸ ಮಾಡಿದ ರಂಗಮಂದಿರ 1879ರಲ್ಲಿ ತೆರೆಯಿತು.

ಈ ವೈಭವವನ್ನೆಲ್ಲ ಹೊತ್ತು ನಿಂತದ್ದು ಒಂದು ಸಣ್ಣ ಲೆಕ್ಕ. ಮಾಂಟೆ ಕಾರ್ಲೊದ ರೂಲೆಟ್ ಚಕ್ರದಲ್ಲಿ 37 ಮನೆಗಳು: 1ರಿಂದ 36ರವರೆಗೆ ಕೆಂಪು ಮತ್ತು ಕಪ್ಪು, ಜೊತೆಗೆ ಒಂದು ಸೊನ್ನೆ. ಒಂದು ಅಂಕಿಯ ಮೇಲೆ ಕಟ್ಟಿ ಗೆದ್ದವನಿಗೆ ಕಟ್ಟಿದ್ದರ 35 ಪಟ್ಟು ಕೊಡುತ್ತಾರೆ. ನ್ಯಾಯವಾಗಿ ಸಲ್ಲಬೇಕಾದದ್ದು 36 ಪಟ್ಟು. ಆ ಒಂದು ಪಟ್ಟಿನ ವ್ಯತ್ಯಾಸವೇ ಜೂಜುಮನೆಯ ಪಾಲು. ಕಟ್ಟಿದ ಪ್ರತಿ 100 ಫ್ರಾಂಕಿನಲ್ಲಿ ಸರಾಸರಿ 2.70 ಫ್ರಾಂಕ್ ಮೇಜಿನ ಆಚೆಗೇ ಉಳಿಯುತ್ತದೆ. ಕೆಂಪು-ಕಪ್ಪಿನ ಆಟದಲ್ಲಿ ಸೊನ್ನೆ ಬಿದ್ದಾಗ ಪಣದ ಅರ್ಧದಷ್ಟೇ ನಷ್ಟವಾಗುವ ನಿಯಮವಿದ್ದುದರಿಂದ ಅಲ್ಲಿ ಮನೆಯ ಪಾಲು ಇನ್ನೂ ಕಡಿಮೆ, ನೂರಕ್ಕೆ ಸುಮಾರು 1.35.

ಅಷ್ಟೇ ತಾನೆ ಎನ್ನಿಸುವಂತಿದೆ, ಬ್ಲಾಂಕ್‌ಗೆ ಬೇಕಿದ್ದದ್ದೂ ಅದೇ. ಉಳಿದ ಜೂಜುಮನೆಗಳ ಚಕ್ರಗಳಲ್ಲಿ ಎರಡು ಸೊನ್ನೆ ಇದ್ದಾಗ ಅವನು 1843ರಲ್ಲಿ ಹೋಂಬುರ್ಗ್‌ನಲ್ಲಿ ಒಂದನ್ನು ತೆಗೆಸಿ ಆಟಗಾರರನ್ನು ತನ್ನತ್ತ ತಿರುಗಿಸಿಕೊಂಡಿದ್ದ. ಪಾಲು ಸಣ್ಣದಾದಷ್ಟೂ ಆಟಗಾರ ಹೆಚ್ಚು ಹೊತ್ತು ಕೂರುತ್ತಾನೆ. ಗಂಟೆಗೆ 40 ಸಲದಂತೆ 10 ಫ್ರಾಂಕ್ ಕಟ್ಟುತ್ತ ಐದು ಗಂಟೆ ಆಡಿದವನ ಜೇಬಿನಲ್ಲಿ ಇದ್ದದ್ದು 300 ಫ್ರಾಂಕೇ ಆದರೂ ಮೇಜಿನ ಮೇಲೆ ಹಾದುಹೋಗುವ ಪಣ 2,000 ಫ್ರಾಂಕ್. ಪಾಲು ಲೆಕ್ಕಕ್ಕೆ ಬರುವುದು ಜೇಬಿನ ಹಣದ ಮೇಲಲ್ಲ, ಈ 2,000ದ ಮೇಲೆ: ಸುಮಾರು 54 ಫ್ರಾಂಕ್. ಒಂದು ಸಂಜೆ ಗೆದ್ದು ಏಳುವವರು ಇದ್ದೇ ಇರುತ್ತಾರೆ, ಅವರ ಗೆಲುವು ನಿಜವೇ. ಆದರೆ ದಿನಗಳು ಕೂಡುತ್ತ ಹೋದಂತೆ ಫಲಿತಾಂಶ ಆ ಸರಾಸರಿಯ ಕಡೆಗೇ ಜಾರುತ್ತದೆ.

ಗೆದ್ದವರ ಕಥೆಗಳಿಂದ ಮನೆಗೆ ಲಾಭವೇ ಆಯಿತು. 1880ರ ದಶಕದ ಆರಂಭದಲ್ಲಿ ಯಾರ್ಕ್‌ಷೈರಿನ ಬಟ್ಟೆ ಗಿರಣಿಯ ಅನುಭವವಿದ್ದ ಜೋಸೆಫ್ ಜಾಗರ್, ಒಂದು ಚಕ್ರ ತುಸು ವಾಲಿರುವುದನ್ನು ಪತ್ತೆಹಚ್ಚಿ ದೊಡ್ಡ ಮೊತ್ತ ಗೆದ್ದ. ಅವನ ಗೆಲುವಿಗೆ ಕಾರಣ ಅದೃಷ್ಟವಲ್ಲ, ಯಂತ್ರದ ದೋಷ. ಮನೆಯವರು ಎಚ್ಚೆತ್ತು ಅದನ್ನು ಸರಿಪಡಿಸಿಕೊಂಡರು. 1891ರಲ್ಲಿ ಚಾರ್ಲ್ಸ್ ವೆಲ್ಸ್ ಮೇಜಿನಲ್ಲಿದ್ದ ಹಣವನ್ನೆಲ್ಲ ಮತ್ತೆ ಮತ್ತೆ ಬರಿದು ಮಾಡಿದ. ಅವನ ಮೇಲೆ ಹಾಡೇ ಹುಟ್ಟಿ ಇಂಗ್ಲೆಂಡಿನ ತುಂಬ ಹರಡಿತು. ಜಾಹೀರಾತಿಗೆ ದುಡ್ಡು ಸುರಿದರೂ ಅಂಥ ಪ್ರಚಾರ ಸಿಗುತ್ತಿರಲಿಲ್ಲ. ವೆಲ್ಸ್ ಮುಂದೆ ಸೋತ, ವಂಚನೆಯ ಪ್ರಕರಣದಲ್ಲಿ ಜೈಲು ಸೇರಿದ, ಬಡವನಾಗಿ ಸತ್ತ. ಹಾಡಿನಲ್ಲಿ ಅದ್ಯಾವುದೂ ಇಲ್ಲ.

1913ರ ಆಗಸ್ಟ್ 18ರಂದು ಒಂದು ಮೇಜಿನಲ್ಲಿ ಸತತ 26 ಸಲ ಕಪ್ಪೇ ಬಿತ್ತು. ಇಷ್ಟು ಹೊತ್ತು ಕಪ್ಪು ಬಿದ್ದಿದೆ, ಇನ್ನು ಕೆಂಪು ಬೀಳಲೇಬೇಕು ಎಂದು ನಂಬಿದವರು ಪಣ ಹೆಚ್ಚಿಸುತ್ತ ಹೋಗಿ ಅಪಾರ ಹಣ ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ, 27ನೇ ಸುತ್ತಿನಲ್ಲೂ ಕೆಂಪಿಗೆ ಇದ್ದ ಅವಕಾಶ 37ರಲ್ಲಿ 18 ಮಾತ್ರ. ಸಂಭವನೀಯತೆಯ ಪಾಠಗಳಲ್ಲಿ ಈ ತಪ್ಪು ನಂಬಿಕೆಗೆ ಮಾಂಟೆ ಕಾರ್ಲೊದ ಹೆಸರೇ ಅಂಟಿಕೊಂಡಿದೆ.

ಸರ್ವಸ್ವವನ್ನೂ ಕಳೆದುಕೊಂಡವರಿಗೆ ಊರಿಗೆ ಮರಳಲು ರೈಲಿನ ಖರ್ಚನ್ನು ಕ್ಯಾಸಿನೊದವರೇ ಕೊಡುತ್ತಿದ್ದರು. ಇದು ದಾನವಲ್ಲ, ಸಾಲ. ತೀರಿಸುವ ತನಕ ಮತ್ತೆ ಒಳಗೆ ಬಿಡುತ್ತಿರಲಿಲ್ಲ. ದಿಕ್ಕೆಟ್ಟವರು ಊರಿನಲ್ಲೇ ಅಲೆದರೆ, ಅಲ್ಲೇ ಜೀವ ಕಳೆದುಕೊಂಡರೆ ಮನೆಯ ಹೆಸರಿಗೆ ಕಳಂಕ. ನಾಗರಿಕವಾಗಿ ಕಾಣುವ ಈ ಏರ್ಪಾಟಿನ ಒಳಗಿನ ಕ್ರೌರ್ಯವನ್ನು ಮರೆಯಬಾರದು: ಸೋತವನನ್ನು ಕಣ್ಣಿನಿಂದ ಮರೆಮಾಡುವುದೂ ವ್ಯಾಪಾರದ ಭಾಗವೇ ಆಗಿತ್ತು.

ಜೂಜು ಲಾಭವೋ ನಷ್ಟವೋ ಎಂಬುದನ್ನು ಮೊನಾಕೊದ ಅರಸರೇ ಮೊದಲ ದಿನಗಳಿಂದ ಇತ್ಯರ್ಥ ಮಾಡಿಕೊಂಡಿದ್ದರು. ಸಂಸ್ಥಾನದ ಪ್ರಜೆಗಳು ಆ ಮೇಜುಗಳಲ್ಲಿ ಆಡುವಂತಿಲ್ಲ. ಈ ನಿಷೇಧ ಇಂದಿಗೂ ಇದೆ. ಲಾಭ ಪ್ರಜೆಗಳಿಗೆ, ನಷ್ಟ ಹೊರಗಿನವರಿಗೆ ಎಂಬ ಹಂಚಿಕೆ ಅದು. 20ನೇ ಶತಮಾನದಲ್ಲಿ ಫ್ರಾನ್ಸ್ ಮತ್ತೆ ಕ್ಯಾಸಿನೊಗಳಿಗೆ ಅವಕಾಶ ಕೊಟ್ಟ ಮೇಲೆ ಜೂಜಿನ ಆದಾಯ ಕುಗ್ಗಿತು. 1949ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ರೇನಿಯೆ ಬ್ಯಾಂಕು, ಪ್ರವಾಸೋದ್ಯಮ, ಕಟ್ಟಡ ನಿರ್ಮಾಣಗಳ ಕಡೆಗೆ ಸಂಸ್ಥಾನವನ್ನು ತಿರುಗಿಸಿದ. ಈಗ ಅದರ ಬೊಕ್ಕಸದಲ್ಲಿ ಜೂಜಿನ ಪಾಲು ತೀರ ಚಿಕ್ಕದು.

ಲಾಭ ತಮ್ಮವರಿಗೆ, ನಷ್ಟ ಹೊರಗಿನವರಿಗೆ ಎಂಬ ಇಂಥದೇ ಏರ್ಪಾಟು ಕರ್ನಾಟಕದ ನೆರೆಯಲ್ಲೂ ನಡೆದಿದೆ. ಗೋವಾ 1992ರಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಜೂಜುಯಂತ್ರಗಳಿಗೂ, 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಕಾನೂನು ತಿದ್ದಿ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯಡಿ ಜೂಜುಕಟ್ಟೆ ನಡೆಸುವುದು ಅಪರಾಧವಾದ್ದರಿಂದ ಇಲ್ಲಿನ ಆಟಗಾರರು ಗಡಿ ದಾಟಿ, ಪಣಜಿಯ ಮಾಂಡೋವಿ ಹೊಳೆಯಲ್ಲಿ ಲಂಗರು ಹಾಕಿದ ಹಡಗುಗಳಿಗೆ ಹೋಗುತ್ತಾರೆ. 2020ರ ಫೆಬ್ರುವರಿಯಿಂದ ಗೋವಾದ ನಿವಾಸಿಗಳು ಆಡಲು ಆ ಹಡಗುಗಳನ್ನು ಹತ್ತುವಂತಿಲ್ಲ. ಅಲ್ಲಿನ ಸರ್ಕಾರವೇ ಅದನ್ನು ನಿಷೇಧಿಸಿದೆ.