ಹನ್ನೆರಡೋ, ಹದಿಮೂರೋ?

ಮೊನ್ನೆ ಮೊಮ್ಮಗಳ ಕೈಗೆ ೧೦೦ರ ನೋಟು ಕೊಟ್ಟು ಬೆಲ್ಲ ತರಲು ಕಳಿಸಿದೆ. ೬೮ ರೂಪಾಯಿಯ ಬೆಲ್ಲ. ಹುಡುಗಿ ಬಂದವಳೇ ಉಳಿದ ಹಣವನ್ನು ಎಣಿಸದೆ ಮೇಜಿನ ಮೇಲಿಟ್ಟಳು. "ಎಷ್ಟು ಬರಬೇಕಾಗಿತ್ತು, ಪುಟ್ಟಿ?" ಎಂದೆ. ಕಾಗದ, ಪೆನ್ಸಿಲು ಹುಡುಕತೊಡಗಿದಳು. ಅವಳದೇನೂ ತಪ್ಪಿಲ್ಲ. ಮನೆಯಲ್ಲಿ ಎಲ್ಲರೂ ಫೋನಿನಲ್ಲಿಯೇ ಹಣ ಕೊಡುವವರು. ಕೊಡಬೇಕಾದಷ್ಟೇ ಹೋಗುವಲ್ಲಿ ಚಿಲ್ಲರೆಯ ಪ್ರಶ್ನೆ ಹುಟ್ಟುವುದಾದರೂ ಹೇಗೆ?

ನಮ್ಮ ದೇಶದಲ್ಲಿ ಲೆಕ್ಕ ಕಲಿಸುವವರು ನಾಣ್ಯವನ್ನು ಮರೆತವರಲ್ಲ. ಭಾಸ್ಕರಾಚಾರ್ಯರು ೧೧೫೦ರಲ್ಲಿ ಬರೆದ 'ಲೀಲಾವತಿ'ಯ ಆರಂಭದಲ್ಲಿಯೇ ನಾಣ್ಯಗಳ ಕೋಷ್ಟಕವಿದೆ: ೨೦ ಕವಡೆಗೆ ಒಂದು ಕಾಕಿಣಿ, ೪ ಕಾಕಿಣಿಗೆ ಒಂದು ಪಣ, ೧೬ ಪಣಕ್ಕೆ ಒಂದು ದ್ರಮ್ಮ, ೧೬ ದ್ರಮ್ಮಕ್ಕೆ ಒಂದು ನಿಷ್ಕ. ಅದೇ ಶತಮಾನದಲ್ಲಿ ನಮ್ಮ ರಾಜಾದಿತ್ಯನು ಕನ್ನಡದಲ್ಲಿ ಬರೆದ ಗಣಿತಗ್ರಂಥಕ್ಕೆ 'ವ್ಯವಹಾರಗಣಿತ'ವೆಂದೇ ಹೆಸರು.

ಆ ಹದಿನಾರು ಸುಮ್ಮನೆ ಬಂದದ್ದಲ್ಲವೆಂದು ನನಗೆ ತೋರುತ್ತದೆ. ನಾನು ಕಲಿತ ರೂಪಾಯಿಗೂ ೧೬ ಆಣೆ, ಆಣೆಗೆ ೧೨ ಕಾಸು. ಒಟ್ಟು ೧೯೨ ಕಾಸು. ಹದಿನಾರರಲ್ಲಿ ಅರ್ಧ ಎಂಟು, ಅದರರ್ಧ ನಾಲ್ಕು, ಅದರರ್ಧ ಎರಡು, ಅದರರ್ಧ ಒಂದು. ಎಲ್ಲಿಯೂ ಒಡಕಿಲ್ಲ. ಅದಕ್ಕೆಂದೇ ಮೇಷ್ಟರು ನಮ್ಮಿಂದ ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನು ಸಂಜೆಯ ಹೊತ್ತು ರಾಗವಾಗಿ ಹೇಳಿಸುತ್ತಿದ್ದರು. ಸೇರಿಗೆ ಒಂದೂಕಾಲು ರೂಪಾಯಿಯಾದರೆ ಪಾವಿಗೆಷ್ಟು? ಐದಾಣೆ. ಇದಕ್ಕೆ ಕಾಗದ ಬೇಕೆಂದವನಿಗೆ ಬೆತ್ತದ ರುಚಿ ತಪ್ಪುತ್ತಿರಲಿಲ್ಲ.

ಹೀಗಿರುವಾಗ ೧೯೫೭ರ ಏಪ್ರಿಲ್ ೧ರಂದು ನಯಾ ಪೈಸೆ ಬಂದಿತು. ರೂಪಾಯಿಗೆ ೧೦೦. ಹತ್ತರ ಲೆಕ್ಕ ಸುಲಭವೆಂದರು, ಸುಲಭವೇ ಹೌದು. ಆದರೆ ನೂರರರ್ಧ ಐವತ್ತು, ಅದರರ್ಧ ಇಪ್ಪತ್ತೈದು, ಮೂರನೆಯ ಸಲ ಅರ್ಧ ಮಾಡಹೊರಟರೆ ಹನ್ನೆರಡೂವರೆ! ಅರೆ ಪೈಸೆಯ ನಾಣ್ಯವೆಲ್ಲಿದೆ? ಅರೆಯನ್ನು ಬಿಡಬೇಕು, ಅರೆಗೆ ಮೀರಿದ್ದನ್ನು ಒಂದು ಪೈಸೆಯೆಂದು ಎಣಿಸಬೇಕು ಎಂದಾಯಿತು. ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫. ಹಳೆಯ ನಾಣ್ಯ, ಹೊಸ ನಾಣ್ಯ ಎರಡೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿದ್ದ ಕಾಲ ಅದು.

ಆ ವರ್ಷ ಒಂದು ದಿನ ಅಮ್ಮ ಪಾವಲಿಯೊಂದನ್ನು ಕೊಟ್ಟು ಎರಡಾಣೆಯ ಹುರಿಗಡಲೆ ತರಹೇಳಿದರು. ಅಂಗಡಿಯವರು ೧೨ ಪೈಸೆ ಮರಳಿಸಿದರು. ಅಮ್ಮ ಎಣಿಸಿ, "ಇನ್ನೊಂದು?" ಎಂದರು. ನಾನು ಓಡಿದೆ. "ನಾಲ್ಕಾಣೆಯಲ್ಲಿ ಎರಡಾಣೆ ಹೋದರೆ ಎರಡಾಣೆ. ಎರಡಾಣೆಗೆ ಹನ್ನೆರಡು. ಗೋಡೆಯ ಮೇಲಿನ ಪಟ್ಟಿ ನೋಡಪ್ಪ" ಎಂದರು ಅವರು. ತಿರುಗಿ ಓಡಿದೆ. "ಅವರಿಗೆ ಹನ್ನೆರಡು, ನಮಗೆ ಹನ್ನೆರಡು. ಪಾವಲಿಗೆ ಇಪ್ಪತ್ತೈದಲ್ಲವೇ? ಉಳಿದದ್ದು ಯಾರ ಮನೆಯದು, ಕೇಳಿಕೊಂಡು ಬಾ." ಶಾಲೆಯ ಮುಖವನ್ನೇ ಕಾಣದ ನಮ್ಮಮ್ಮ ಕಳೆಯುತ್ತಿರಲಿಲ್ಲ, ಕೊಟ್ಟದ್ದರ ಮೇಲೆ ಕೂಡುತ್ತ ಹೋಗಿ, ಮೊತ್ತ ಮುಟ್ಟುವವರೆಗೂ ಬಿಡುತ್ತಿರಲಿಲ್ಲ. ಮೂರನೆಯ ಸಲಕ್ಕೆ ಆ ಪೈಸೆ ಬಂದಿತು.

ಇದರಿಂದ ನಾನು ಕಲಿತದ್ದು ಬೇರೆಯೇ. ಮುಂದಿನ ವಾರ ನಾಲ್ಕು ಕಟ್ಟು ಊದಿನಕಡ್ಡಿ ತರಬೇಕಾಗಿತ್ತು, ಕಟ್ಟಿಗೆ ಒಂದಾಣೆ. ಪಾವಲಿಯನ್ನು ಮುರಿಸಿಕೊಂಡು, ಒಂದೊಂದೇ ಕಟ್ಟನ್ನು ನಾಲ್ಕು ಸಲ ಹೋಗಿ ತಂದೆ. ನಾಲ್ಕಾರಲ ಇಪ್ಪತ್ತನಾಲ್ಕು! ಉಳಿದ ಪೈಸೆಯನ್ನು ಅಮ್ಮನಿಗೆ ತೋರಿಸಿ ಬೀಗಿದೆ. ಅವರು ಹೊಗಳಲಿಲ್ಲ. "ಹೋಗಿ ಕೊಟ್ಟು ಬಾ. ನಾಲ್ಕು ಕಟ್ಟಿಗೆ ನಾಲ್ಕಾಣೆ" ಎಂದರಷ್ಟೆ. ಹಿಂದಿನ ವಾರ ಕೇಳಿ ಪಡೆದುದಕ್ಕಿಂತ ಇದನ್ನು ಹಿಂದಿರುಗಿಸುವಾಗ ನನ್ನ ಕಾಲು ಹೆಚ್ಚು ಭಾರವಾಗಿದ್ದಿತು.

೧೯೬೪ರ ಜೂನ್ ೧ರಿಂದ ಪೈಸೆಯ ಹೆಸರಿನ 'ನಯಾ' ಹೋಯಿತು. ೨೦೧೧ರ ಜೂನ್ ೩೦ರಿಂದ ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಚಿಕ್ಕವೂ ಚಲಾವಣೆಯಿಂದಲೇ ಹೋದುವು. ಆದರೂ ನಮ್ಮ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಇನ್ನೂ ಸತ್ತಿಲ್ಲ.

ಇರಲಿ. ಮೊಮ್ಮಗಳ ಪೆನ್ಸಿಲನ್ನು ಪಕ್ಕಕ್ಕಿಡಿಸಿ ಅಮ್ಮನ ಲೆಕ್ಕವನ್ನು ಹೇಳಿಕೊಟ್ಟೆ. "ಬೆಲ್ಲಕ್ಕೆ ಅರವತ್ತೆಂಟು. ಅಲ್ಲಿಂದ ಎಪ್ಪತ್ತಕ್ಕೆ?" "ಎರಡು." "ಎಪ್ಪತ್ತರಿಂದ ನೂರಕ್ಕೆ?" "ಮೂವತ್ತು." ಮೇಜಿನ ಮೇಲೆ ಹತ್ತರ ಮೂರು ನೋಟುಗಳಿದ್ದುವು.

"ಹಾಗಾದರೆ ಆ ಎರಡು ಎಲ್ಲಿ?" ಎಂದೆ.

ಚಿಲ್ಲರೆಯಿಲ್ಲವೆಂದು ಅಂಗಡಿಯವರು ಚಾಕೊಲೇಟು ಕೊಟ್ಟಿದ್ದರಂತೆ. ಹುಡುಗಿ ಬಾಯಿ ತೆರೆದು ತೋರಿಸಿದಳು.