ಊರಲ್ಲಿ ವೈನ್ ಶಾಪ್ ತೆರೆಯೋದು ಯಾರ ಕೈಲಿದೆ? ಅಂಗಡಿ ಲೈಸೆನ್ಸ್, ಅಬಕಾರಿ ಲೈಸೆನ್ಸ್ ಪೂರ್ತಿ ಮಾಹಿತಿ

ಖಾಲಿ ಬಿದ್ದಿದ್ದ ಮಳಿಗೆಗೆ ಒಂದಿನ ಕಬ್ಬಿಣದ ಗ್ರಿಲ್ ಬರುತ್ತೆ, ವಾರ ಕಳೆಯೋದ್ರೊಳಗೆ ಮದ್ಯದಂಗಡಿ ಬೋರ್ಡ್ ಏರುತ್ತೆ. ಜನ ಗ್ರಾಮ ಪಂಚಾಯ್ತಿ ಮುಂದೆ ಧರಣಿ ಕೂರ್ತಾರೆ. ಪಿಡಿಒ 'ಇದು ನಮ್ಮ ಕೈಲಿಲ್ಲ' ಅಂತಾರೆ. ಬಹುಮಟ್ಟಿಗೆ ಅದು ನಿಜ. ಆದರೆ ಪೂರ್ತಿ ನಿಜವಲ್ಲ.

ಇಲ್ಲಿ ಎರಡು ಬೇರೆ ಬೇರೆ ಲೈಸೆನ್ಸ್ ಇವೆ. ಕಿರಾಣಿ, ಹೋಟೆಲ್, ಬೇಕರಿ, ಗ್ಯಾರೇಜ್ ಮುಂತಾದ ಉದ್ದಿಮೆಗಳಿಗೆ ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಬೇಕು. ಪಟ್ಟಣದಲ್ಲಿ ಇದನ್ನು ಪುರಸಭೆ ಅಥವಾ ಪಟ್ಟಣ ಪಂಚಾಯ್ತಿ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಕೊಡುತ್ತೆ. ಹಳ್ಳಿಯಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಗ್ರಾಮ ಪಂಚಾಯ್ತಿ ಕೊಡುತ್ತೆ. ಮದ್ಯ ಮಾರೋ ಲೈಸೆನ್ಸ್ ಮಾತ್ರ 1965ರ ಕರ್ನಾಟಕ ಅಬಕಾರಿ ಕಾಯ್ದೆಗೆ ಸೇರಿದ್ದು. ಆ ಫೈಲ್ ಅಬಕಾರಿ ಇಲಾಖೆ, ಜಿಲ್ಲಾಧಿಕಾರಿ, ಅಬಕಾರಿ ಆಯುಕ್ತರ ಹಂತದಲ್ಲಿ ಓಡಾಡುತ್ತೆ. ಗ್ರಾಮಸಭೆ ಒಪ್ಪಿದರೆ ಮಾತ್ರ ಅಂಗಡಿ ಅನ್ನೋ ಷರತ್ತು ಅದರಲ್ಲಿಲ್ಲ. ಮಹಿಳೆಯರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಕ್ಕಾಗಿ ಪಾದಯಾತ್ರೆ ಹೋದರೂ ಈ ವಿಷಯದಲ್ಲಿ ಕಾನೂನು ಬದಲಾಗಿಲ್ಲ.

ಸಿಎಲ್ ಅಂದ್ರೆ ಏನು?

ಬೋರ್ಡ್ ಮೇಲೆ ಬರೆದಿರೋ ಸಿಎಲ್ ನಂಬರ್ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತೆ. ಸಿಎಲ್-2 ಅಂದ್ರೆ ಬಾಟಲಿ ಕೊಂಡು ಹೋಗೋ ವೈನ್ ಶಾಪ್. ಅಲ್ಲೇ ನಿಂತು ಕುಡಿಯೋ ಹಾಗಿಲ್ಲ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಅಲ್ಲಿ ಕೂತು ಕುಡಿಯಬಹುದು, ಪಾರ್ಸೆಲ್ ಇಲ್ಲ. ಸಿಎಲ್-7 ವಸತಿಗೃಹ ಇರೋ ಹೋಟೆಲ್‌ಗೆ, ಸಿಎಲ್-4 ಕ್ಲಬ್‌ಗೆ. ಸರ್ಕಾರಿ ಎಂಎಸ್‌ಐಎಲ್ ಮಳಿಗೆಗಳದ್ದು ಸಿಎಲ್-11ಸಿ. ಮದುವೆ, ಸಮಾರಂಭದಲ್ಲಿ ಮದ್ಯ ಕೊಡೋದಾದರೆ ಆ ಒಂದು ಸಂದರ್ಭಕ್ಕೆ ಸಿಎಲ್-5 ಪಡೀಬೇಕು. ನಮ್ಮ ಕಡೆ ಇದನ್ನ ಮಾಡಿಸೋರು ಕಮ್ಮಿ.

ಸಮಯವೂ ನಿಗದಿಯಾಗಿದೆ. ಸಿಎಲ್-2 ಅಂಗಡಿ ಬೆಳಗ್ಗೆ 10ರಿಂದ ರಾತ್ರಿ 10.30ರವರೆಗೆ, ಸಿಎಲ್-9 ಬಾರ್ ಬೆಳಗ್ಗೆ 10ರಿಂದ ರಾತ್ರಿ 11.30ರವರೆಗೆ. ಬೆಳಗ್ಗೆ 6ಕ್ಕೇ ಹಿಂಬಾಗಿಲಲ್ಲಿ ಮಾರ್ತಿದ್ದರೆ ಅದು ನೇರವಾಗಿ ಷರತ್ತು ಉಲ್ಲಂಘನೆ.

ಹೊಸ ಲೈಸೆನ್ಸ್ ಇಲ್ಲ, ಹೊಸ ಅಂಗಡಿ ಹೇಗೆ?

ಹೊಸ ಸಿಎಲ್-2, ಸಿಎಲ್-9 ಕೊಡೋದನ್ನ ರಾಜ್ಯ ಸರ್ಕಾರ 1992ರಿಂದ ನಿಲ್ಲಿಸಿತ್ತು. ಹಾಗಿದ್ದರೂ ಊರೂರಲ್ಲಿ ಅಂಗಡಿ ಹುಟ್ಟಿಕೊಂಡಿದ್ದಕ್ಕೆ ಮುಖ್ಯ ಕಾರಣ ಸ್ಥಳಾಂತರ. ಹಳೇ ಲೈಸೆನ್ಸ್ ಒಬ್ಬರಿಂದ ಇನ್ನೊಬ್ಬರ ಹೆಸರಿಗೆ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತೆ. ಇನ್ನೊಂದು ದಾರಿ ಸಿಎಲ್-7. ಇದಕ್ಕೆ ಆ ತಡೆ ಇರಲಿಲ್ಲ. ಹೆಸರಿಗೆ ರೂಮು, ನಡೆಯೋದು ಬಾರು ಅನ್ನೋ ದೂರು ಹಲವು ಊರಲ್ಲಿದೆ. ಮೂರನೇದು ಎಂಎಸ್‌ಐಎಲ್. ಇದರ ಮೇಲೆ, ಬಳಕೆಯಾಗದೆ ಉಳಿದ ಲೈಸೆನ್ಸ್‌ಗಳನ್ನು ಇ-ಹರಾಜು ಹಾಕೋದಾಗಿ ಸರ್ಕಾರ 2025ರಲ್ಲಿ ಹೇಳಿತು. ಅಂದರೆ ಈ ಪ್ರಶ್ನೆ ಇನ್ನು ಹೆಚ್ಚೇ ಬರುತ್ತೆ.

ತಕರಾರು ಎಲ್ಲಿ ನಿಲ್ಲುತ್ತೆ?

'ಊರು ಹಾಳಾಗುತ್ತೆ' ಅನ್ನೋ ಒಂದೇ ಸಾಲಿನ ಮನವಿಗೆ ಕಚೇರಿಯಲ್ಲಿ ಬೆಲೆ ಕಮ್ಮಿ. ನಿಯಮದ ಸಾಲು ಹಿಡಿದು ಬರೆದರೆ ಉತ್ತರ ಕೊಡಲೇಬೇಕಾಗುತ್ತೆ. ಆ ನಿಯಮ 1967ರ ಅಬಕಾರಿ ಲೈಸೆನ್ಸ್ ಸಾಮಾನ್ಯ ಷರತ್ತುಗಳ ನಿಯಮಗಳ 5ನೇ ನಿಯಮ. ದೇವಸ್ಥಾನ, ಮಸೀದಿ, ಚರ್ಚ್, ಶಾಲೆ, ಆಸ್ಪತ್ರೆ, ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಹೆಚ್ಚಾಗಿ ವಾಸವಿರೋ ಬಡಾವಣೆಯಲ್ಲೂ ಇರಬಾರದು.

ಜಗಳ ಬರೋದು ಅಳತೆಯಲ್ಲಿ. ಗೋಡೆಯಿಂದ ಗೋಡೆಗೆ ಟೇಪ್ ಹಿಡಿಯೋದಲ್ಲ. ಜನ ಸಾಮಾನ್ಯವಾಗಿ ನಡೆದು ಹೋಗೋ ಹತ್ತಿರದ ದಾರಿಯ ಲೆಕ್ಕ, ಬಾಗಿಲಿಂದ ಗೇಟಿಗೆ. ಅಂಗಡಿ ಬಾಗಿಲನ್ನ ಹಿಂದಿನ ಗಲ್ಲಿಗೆ ತಿರುಗಿಸಿದರೆ 80 ಮೀಟರ್ 110 ಆಗಿಬಿಡುತ್ತೆ. ಅದಕ್ಕೇ ಸ್ಥಳ ಪರಿಶೀಲನೆ ದಿನ ಊರವರು, ಶಾಲೆ ಎಸ್‌ಡಿಎಂಸಿಯವರು ಅಲ್ಲಿರೋದು ಒಳ್ಳೇದು.

ಹೆದ್ದಾರಿ ವಿಷಯದಲ್ಲಿ ಗೊಂದಲ ಜಾಸ್ತಿ. ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ, ರಾಜ್ಯ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಬೇಡ ಅಂದಿತು. 2017ರ ಮಾರ್ಚ್‌ನಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದನ್ನ 220 ಮೀಟರ್‌ಗೆ ಇಳಿಸಿತು. ಅದೇ ಜುಲೈನಲ್ಲಿ ಪುರಸಭೆ ವ್ಯಾಪ್ತಿಗೆ ಆ ತಡೆ ಇಲ್ಲ ಅಂತ ಸ್ಪಷ್ಟಪಡಿಸಿತು. ಪಂಚಾಯ್ತಿ ಪ್ರದೇಶ ಎಷ್ಟು ಬೆಳೆದಿದೆ ಅಂತ ನೋಡಿ ತೀರ್ಮಾನಿಸೋದನ್ನ 2018ರಲ್ಲಿ ರಾಜ್ಯಗಳಿಗೇ ಬಿಟ್ಟಿತು. ಹಾಗಾಗಿ ಪಟ್ಟಣದೊಳಗಿನ ಅಂಗಡಿಗೆ 500 ಮೀಟರ್ ವಾದ ಈಗ ನಿಲ್ಲಲ್ಲ.

ಇನ್ನು ಪಂಚಾಯ್ತಿ ಪಾತ್ರ. ಕಟ್ಟಡಕ್ಕೆ ಪರವಾನಗಿ ಇದೆಯಾ, ವಾಸದ ಮನೆಯನ್ನ ವಾಣಿಜ್ಯಕ್ಕೆ ಬಳಸ್ತಿದ್ದಾರಾ ಅನ್ನೋದು ಪಂಚಾಯ್ತಿ ಕಡತದಲ್ಲೇ ಸಿಗುತ್ತೆ. ಸಭೆಯ ನಿರ್ಣಯದಿಂದ ಅಬಕಾರಿ ಲೈಸೆನ್ಸ್ ತಾನಾಗಿ ರದ್ದಾಗಲ್ಲ. ಆದರೆ ನಿರ್ಣಯದ ಪ್ರತಿ, ಗೇಟಿನ ಫೋಟೋ, ಅಳತೆ ನಕ್ಷೆ ಸೇರಿಸಿ ಅಬಕಾರಿ ಉಪ ಆಯುಕ್ತರಿಗೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆದರೆ ಮುಂದೆ ಮೇಲ್ಮನವಿಗೆ ಅದೇ ಆಧಾರ. ಮಂಜೂರಾತಿಗೆ ಮೊದಲೇ ಕೊಡಬೇಕು. ಅಂಗಡಿ ತೆರೆದ ಮೇಲೆ ಹೋರಾಟ ಕಷ್ಟ. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30. ನವೀಕರಣದ ಸಮಯವೂ ದೂರು ಕೊಡಲು ತಕ್ಕ ಕಾಲ.

ಸಣ್ಣ ಅಂಗಡಿಯವರಿಗೆ

ಪೆಟ್ಟಿಗೆ ಅಂಗಡಿ, ಚಿಕನ್ ಕಬಾಬ್ ಗಾಡಿಯವರು ಗಮನಿಸಬೇಕಾದ್ದು ಅಬಕಾರಿ ಕಾಯ್ದೆಯ 15(ಎ) ಮತ್ತು 32(3) ಕಲಂ. ಗಿರಾಕಿ ತಂದ ಟೆಟ್ರಾ ಪ್ಯಾಕ್‌ಗೆ ಲೋಟ, ನೀರು ಕೊಟ್ಟು ಅಂಗಡಿ ಮುಂದೆ ಕುಡಿಯೋಕೆ ಬಿಟ್ಟರೆ ಪೊಲೀಸರು ಕೇಸ್ ಹಾಕೋದು ಇದರಡಿಯಲ್ಲೇ. ಪಂಚಾಯ್ತಿಯ ಉದ್ದಿಮೆ ಪರವಾನಗಿ ಗೋಡೆಗೆ ನೇತು ಹಾಕಿದ್ರೂ ಇಲ್ಲಿ ಕೆಲಸಕ್ಕೆ ಬರಲ್ಲ. ಒಂದೆರಡು ಬಾಟಲಿ ಇಟ್ಟು ಮಾರಿದರಂತೂ ಅದು ಲೈಸೆನ್ಸ್ ಇಲ್ಲದ ಮಾರಾಟ, ಇನ್ನೂ ದೊಡ್ಡ ಪ್ರಕರಣ.

ಉದ್ದಿಮೆ ಪರವಾನಗಿಯನ್ನು ಹಳ್ಳಿಯವರು ಪಂಚಾಯ್ತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ, ಪಟ್ಟಣದವರು ಪುರಸಭೆ ಆರೋಗ್ಯ ಶಾಖೆಯಲ್ಲಿ ವಿಚಾರಿಸಬಹುದು. ಶುಲ್ಕ ಕಟ್ಟಿದ ರಸೀದಿಯೇ ಪರವಾನಗಿ ಅಲ್ಲ. ಸಹಿ ಇರೋ ಪತ್ರ ಕೇಳಿ ಪಡೀಬೇಕು.