ಪಿನ್‌ಬಾಲ್ ಮತ್ತು ಆರ್ಕೇಡ್ ವಿಡಿಯೊ ಆಟಗಳು

ಪಿನ್‌ಬಾಲ್ ಎಂಬುದು ಗಾಜು ಹೊದಿಸಿದ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡನ್ನು ಚಿಮ್ಮಿಸಿ ಅಂಕ ಗಳಿಸುವ, ನಾಣ್ಯ ಹಾಕಿ ಆಡುವ ಯಂತ್ರದಾಟ. ವಿಡಿಯೊ ಪರದೆಯ ಆಟಗಳು ಬರುವ ಮೊದಲು ಅಮೆರಿಕದ ಆರ್ಕೇಡ್‌ಗಳಲ್ಲಿ, ಅಂದರೆ ಕಾಸು ಕೊಟ್ಟು ಆಡುವ ಮಳಿಗೆಗಳಲ್ಲಿ, ಇದು ಬಹು ಜನಪ್ರಿಯವಾಗಿತ್ತು.

ಉಗಮ

ಹದಿನೆಂಟನೆಯ ಶತಮಾನದ ಫ್ರಾನ್ಸಿನ ಬ್ಯಾಗಟೆಲ್ ಎಂಬ ಮೇಜಿನಾಟವೇ ಇದರ ಮೂಲ. ಮೊಳೆ ಹೊಡೆದ ಬ್ಯಾಗಟೆಲ್ ಹಲಗೆ ನಮ್ಮ ದೇಶದಲ್ಲಿಯೂ ಮಕ್ಕಳ ಆಟಿಕೆಯಾಗಿ ಪರಿಚಿತ. ಗುಂಡನ್ನು ಕೋಲಿನಿಂದ ತಳ್ಳುವ ಬದಲು ಸ್ಪ್ರಿಂಗಿನಿಂದ ಚಿಮ್ಮಿಸುವ ಸುಧಾರಣೆಗೆ ಮಾಂಟೇಗ್ ರೆಡ್‌ಗ್ರೇವ್ ಅವರು 1871ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1931ರಲ್ಲಿ ಡೇವಿಡ್ ಗಾಟ್ಲೀಬ್ ಹೊರತಂದ 'ಬ್ಯಾಫಲ್ ಬಾಲ್' ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಅಗ್ಗದ ಮನರಂಜನೆಯಾಗಿ ಹರಡಿತು.

ನಿಷೇಧ ಮತ್ತು ವಿವಾದ

ಪಿನ್‌ಬಾಲ್ ಕೌಶಲದ ಆಟವೋ, ಜೂಜೋ ಎಂಬ ಪ್ರಶ್ನೆ ಇದರ ಇತಿಹಾಸದುದ್ದಕ್ಕೂ ಕಾಡಿದೆ. ಶಾಲಾಮಕ್ಕಳ ಊಟದ ಕಾಸನ್ನು ಈ ಯಂತ್ರಗಳು ನುಂಗುತ್ತವೆಂದು ಆಕ್ಷೇಪಿಸಿದ ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ ಅವರು 1942ರಲ್ಲಿ ಅವುಗಳನ್ನು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಆ ಕಾಲಕ್ಕೆ ಈ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಗುಂಡು ಒಮ್ಮೆ ಚಿಮ್ಮಿದ ಮೇಲೆ ಯಂತ್ರವನ್ನು ಅಲುಗಾಡಿಸುವುದೊಂದನ್ನು ಬಿಟ್ಟರೆ ಆಟಗಾರನಿಗೆ ಬೇರೆ ಉಪಾಯವಿರಲಿಲ್ಲ. ಕೆಲವು ಯಂತ್ರಗಳು ಗೆದ್ದವರಿಗೆ ಹಣವನ್ನೂ ಕೊಡುತ್ತಿದ್ದವು.

1947ರಲ್ಲಿ ಗಾಟ್ಲೀಬ್ ಸಂಸ್ಥೆಯ 'ಹಂಪ್ಟಿ ಡಂಪ್ಟಿ'ಯಲ್ಲಿ ಗುಂಡಿ ಒತ್ತಿದರೆ ಬಡಿಯುವ ಫ್ಲಿಪ್ಪರ್‌ಗಳು ಬಂದವು. ಇದರಿಂದ ಜಾರುವ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವುದು ಸಾಧ್ಯವಾಗಿ ಆಟದ ಸ್ವರೂಪವೇ ಬದಲಾಯಿತು. ಕಾನೂನು ಮಾತ್ರ ಬದಲಾಗಲು ಇನ್ನೂ ಸುಮಾರು ಮೂವತ್ತು ವರ್ಷ ಹಿಡಿಯಿತು. 1976ರಲ್ಲಿ ಪತ್ರಕರ್ತ ರೋಜರ್ ಶಾರ್ಪ್ ಅವರು ನಗರಸಭೆಯ ಸದಸ್ಯರೆದುರು ಆಡಿ ತೋರಿಸಿದರು. ಗುಂಡು ಯಾವ ಓಣಿಯಲ್ಲಿ ಇಳಿಯುವುದೆಂದು ಮೊದಲೇ ಹೇಳಿ, ಸ್ಪ್ರಿಂಗ್ ಎಳೆದು ಬಿಟ್ಟಾಗ ಅದು ಅಲ್ಲಿಯೇ ಇಳಿಯಿತು. ನಿಷೇಧ ತೆರವಾಯಿತು. ಅದೃಷ್ಟವೂ ಕೈಹಿಡಿದಿತ್ತೆಂದು ಮುಂದೆ ಅವರೇ ಒಪ್ಪಿಕೊಂಡದ್ದು ಸ್ವಾರಸ್ಯಕರ.

ವಿಡಿಯೊ ಆಟಗಳ ಕಾಲ

ಅಷ್ಟರಲ್ಲಿ ಪರದೆಯ ಆಟಗಳು ಕಾಲಿಟ್ಟಿದ್ದವು. ಅಟಾರಿಯ 'ಪಾಂಗ್' (1972), ಜಪಾನಿನ ಟೈಟೊ ಸಂಸ್ಥೆಯ 'ಸ್ಪೇಸ್ ಇನ್ವೇಡರ್ಸ್' (1978), ನಾಮ್ಕೊದ 'ಪ್ಯಾಕ್‌ಮ್ಯಾನ್' (1980) ಇವು ಮುಖ್ಯವಾದವು. ಮಹಿಳೆಯರೂ ಆರ್ಕೇಡ್‌ಗಳಿಗೆ ಬರಲೆಂಬ ಉದ್ದೇಶದಿಂದ ತೋರು ಇವಾತಾನಿ ಅವರು ಪ್ಯಾಕ್‌ಮ್ಯಾನ್ ಅನ್ನು ರೂಪಿಸಿದರು. ಪಿನ್‌ಬಾಲ್ ಯಂತ್ರದಲ್ಲಿ ಚಲಿಸುವ ಭಾಗಗಳು ಹೆಚ್ಚು, ದುರಸ್ತಿಯೂ ಹೆಚ್ಚು. ಆದ್ದರಿಂದ ಮಳಿಗೆಯವರು ಪರದೆಯ ಆಟಗಳತ್ತ ವಾಲಿದರು. 'ಸ್ಟ್ರೀಟ್ ಫೈಟರ್ 2' (1991) ಆರ್ಕೇಡ್‌ಗಳಿಗೆ ಮತ್ತೆ ಜನರನ್ನು ಸೆಳೆಯಿತಾದರೂ ಮನೆಯಲ್ಲೇ ಆಡುವ ಕನ್ಸೋಲ್‌ಗಳು ಕ್ರಮೇಣ ಅವರನ್ನು ಮರಳಿ ಕರೆದೊಯ್ದವು.

1992ರ 'ದಿ ಆಡಮ್ಸ್ ಫ್ಯಾಮಿಲಿ' ಪಿನ್‌ಬಾಲ್ ಯಂತ್ರ 20,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಆದರೂ ಅದನ್ನು ತಯಾರಿಸಿದ ವಿಲಿಯಮ್ಸ್ ಸಂಸ್ಥೆ 1999ರಲ್ಲಿ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ಆ ಬಳಿಕ ಕೆಲವು ವರ್ಷ ದೊಡ್ಡ ತಯಾರಕರ ಪೈಕಿ ಉಳಿದದ್ದು ಸ್ಟರ್ನ್ ಪಿನ್‌ಬಾಲ್ ಸಂಸ್ಥೆಯೊಂದೇ.